ಕಾಲಿಲ್ಲದ ಮೂಲ, ಸೂರಿಲ್ಲದ ನಕಲು

ಪ್ರಶ್ನೆ: ನಮ್ಮದು ಮಂಗಳೂರಿನ ಬೆಂದೂರಿನಲ್ಲಿ ಹಳೆಯ ಹೆಂಚಿನ ಮನೆ. ಊಟದ ಕೋಣೆಯಲ್ಲಿ ಅಜ್ಜಿಯ ಕಾಲದಿಂದಲೂ, ಯೇಸು ಶಿಲುಬೆಗೇರುವ ಮುನ್ನಾದಿನ ಶಿಷ್ಯರೊಡನೆ ಮಾಡಿದ ‘ಕೊನೆಯ ಭೋಜನ’ದ ಚಿತ್ರವಿದೆ. ನಾವು ಕೊಂಕಣಿಯಲ್ಲಿ ‘ನಿಮಾಣೆಂ ಜೆವಾಣ್’ ಅನ್ನುತ್ತೇವೆ. ಇಟಲಿಗೆ ಹೋಗಿದ್ದ ಮಗಳು ಮಿಲಾನಿನಲ್ಲಿರುವ ಮೂಲಚಿತ್ರದ ಫೋಟೊ ಕಳಿಸಿದಳು. ನೋಡಿ ಬೇಸರವಾಯಿತು. ಬಣ್ಣವೆಲ್ಲ ಮಾಸಿದೆ, ಯೇಸುವಿನ ಕಾಲು ಇರಬೇಕಾದಲ್ಲಿ ಬಾಗಿಲಿನ ಕಮಾನು ಇದೆ. ನಮ್ಮ ಚಿತ್ರದಲ್ಲಿ ಕಾಲುಗಳು ಚೆನ್ನಾಗಿಯೇ ಕಾಣುತ್ತವೆ. ಹಾಗಾದರೆ ನಮ್ಮಲ್ಲಿರುವುದು ಯಾರೋ ಮನಸ್ಸಿಗೆ ಬಂದಂತೆ ಬರೆದದ್ದೇ? ಇಲ್ಲಿನ ಸೇಂಟ್ ಅಲೋಶಿಯಸ್ ಕಾಲೇಜಿನ ಚಾಪೆಲಿನ ಚಿತ್ರಗಳು 120 ವರ್ಷ ನಮ್ಮ ಮಳೆಗಾಲ ಕಂಡೂ ಉಳಿದಿರುವಾಗ ಲಿಯೊನಾರ್ಡೊ ಡಾ ವಿಂಚಿಯಂಥವನ ಚಿತ್ರ ಹಾಳಾದದ್ದು ಹೇಗೆ? ಯೇಸುವಿನ ಪಕ್ಕದಲ್ಲಿ ಕೂತಿರುವುದು ಹೆಂಗಸು ಎಂದು ಮಗಳ ವಾದ, ನಿಜವೇ? ಕೊನೆಯದಾಗಿ, ನಮ್ಮ ಚಿತ್ರದ ಕೆಳ ಅಂಚಿಗೆ ಬೂಸ್ಟು ಹಿಡಿದಿದೆ. ಒರೆಸಬಹುದೇ?

ಉತ್ತರ: ಕಾಲಿನಿಂದಲೇ ಶುರು ಮಾಡುತ್ತೇನೆ, ನಿಮ್ಮ ಪ್ರಶ್ನೆಯ ಜೀವ ಇರುವುದು ಅಲ್ಲೇ.

ಮಗಳ ಫೋಟೊದಲ್ಲಿ ಕಾಣುವುದು ನಿಜ. ಮಿಲಾನಿನ ಸಾಂತಾ ಮರಿಯಾ ದೆಲ್ಲೆ ಗ್ರಾಟ್ಸಿಯೆ ಎಂಬ ಡೊಮಿನಿಕನ್ ಮಠದ ಊಟದ ಮನೆಯ ಗೋಡೆಯಲ್ಲಿ 1652ರಲ್ಲಿ ಬಾಗಿಲು ಕೊರೆದರು. ಅಷ್ಟು ಹೊತ್ತಿಗಾಗಲೇ ಚಿತ್ರ ಎಷ್ಟು ಕೆಟ್ಟಿತ್ತೆಂದರೆ, ಅದನ್ನು ಕಡಿಯಲು ಯಾರಿಗೂ ಕೈ ನಡುಗಿದಂತಿಲ್ಲ. ಬಾಗಿಲಿನ ತಲೆಭಾಗ ಮೇಜಿನವರೆಗೆ ಏರಿ ಯೇಸುವಿನ ಪಾದಗಳನ್ನು ನುಂಗಿತು. ಮುಂದೆ ಬಾಗಿಲು ಮುಚ್ಚಿದರು. ಹೋದ ಪಾದಗಳು ಹೋದವೇ.

ಆದರೆ ಬಾಗಿಲು ಕೊರೆಯುವುದಕ್ಕೆ 100 ವರ್ಷಕ್ಕೂ ಮೊದಲೇ, ಲಿಯೊನಾರ್ಡೊನನ್ನು ಹತ್ತಿರದಿಂದ ಬಲ್ಲವರು ಆ ಗೋಡೆಯ ಮುಂದೆ ನಿಂತು ನಕಲು ಮಾಡಿಕೊಂಡಿದ್ದರು. ಲಂಡನ್ನಿನ ರಾಯಲ್ ಅಕಾಡೆಮಿಗೆ ಸೇರಿದ ದೊಡ್ಡ ಕ್ಯಾನ್ವಾಸ್ ಒಂದಿದೆ. 1520ರ ಆಸುಪಾಸಿನದು, ಲಿಯೊನಾರ್ಡೊನ ಬಳಗದ ಜಾಂಪಿಯೆತ್ರಿನೊ ಬರೆದದ್ದೆಂದು ಹೇಳುತ್ತಾರೆ. ಅದರಲ್ಲಿ ಮೇಜಿನಡಿಯ ಪಾದಗಳೆಲ್ಲ ಸ್ಪಷ್ಟವಾಗಿವೆ. ಯೇಸುವಿಗೆ ದ್ರೋಹ ಬಗೆದ ಶಿಷ್ಯ ಯೂದನ ತೋಳು ತಾಗಿ ಉರುಳಿದ ಉಪ್ಪಿನ ಬಟ್ಟಲು ಕೂಡ ಇದೆ. ಮೂಲದಲ್ಲಿ ಅದನ್ನು ಹುಡುಕಿ ತೆಗೆಯಬೇಕು. ಆ ನಕಲಿನದ್ದೂ ಒಂದು ಕತೆ: ಯಾವುದೋ ಕಾಲದಲ್ಲಿ ಯಾರೋ ಅದರ ಮೇಲಿನ ಮೂರನೇ ಒಂದು ಪಾಲನ್ನು ಕತ್ತರಿಸಿದ್ದಾರೆ. ಹಾಗಾಗಿ ಮೂಲಕ್ಕೆ ಕಾಲಿಲ್ಲ, ನಕಲಿಗೆ ಸೂರಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಮಾತ್ರ ಆ ಕೋಣೆ ಪೂರ್ತಿಯಾಗುತ್ತದೆ.

ಇಂಥವು ಇನ್ನೂ ಇವೆ. ಬೆಲ್ಜಿಯಂನ ಟೊಂಗೆರ್ಲೊ ಮಠದಲ್ಲೊಂದು ಹಳೆಯ ನಕಲಿದೆ. ಸ್ವಿಟ್ಜರ್ಲೆಂಡಿನ ಪೊಂತೆ ಕಪ್ರಿಯಾಸ್ಕಾ ಎಂಬ ಹಳ್ಳಿಯ ಇಗರ್ಜಿಯ ಗೋಡೆಯ ಮೇಲೊಂದಿದೆ, ಅದರಲ್ಲಿ ಒಬ್ಬೊಬ್ಬ ಪ್ರೇಷಿತರ, ಎಂದರೆ ಯೇಸುವಿನ ಹನ್ನೆರಡು ಶಿಷ್ಯರ, ಕೆಳಗೂ ಹೆಸರು ಬರೆದಿದ್ದಾರೆ. ಯಾರು ಯಾರೆಂದು ಇವತ್ತು ನಾವು ಧೈರ್ಯವಾಗಿ ಹೇಳುವುದಕ್ಕೆ ಆ ಹೆಸರುಗಳದ್ದೇ ದೊಡ್ಡ ಆಧಾರ. ಮುಂದೆ ರಫಾಯೆಲ್ಲೊ ಮೋರ್ಗೆನ್ ಎಂಬ ಕೆತ್ತನೆಗಾರ 1800ರಲ್ಲಿ ಇಡೀ ಚಿತ್ರವನ್ನು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿಸಿದ. ಬಾಗಿಲನ್ನು ಬಿಟ್ಟು, ಚಿತ್ರವನ್ನು ಇಡಿಯಾಗಿ ತೋರಿಸಿದ. ಯುರೋಪಿನ ಮನೆಮನೆಗೆ ಹೋದದ್ದು ಆ ಅಚ್ಚಿನ ಚಿತ್ರ. ಕಲ್ಲಚ್ಚು, ಬಣ್ಣದಚ್ಚು, ಮರದ ಕೆತ್ತನೆ ಎಂದು ಅದರ ಸಂತಾನ ಬೆಳೆಯುತ್ತ ಕಡಲು ದಾಟಿ ನಮ್ಮ ಕರಾವಳಿಯ ಊಟದ ಕೋಣೆಗಳಿಗೂ ಬಂತು. ನಿಮ್ಮ ಅಜ್ಜಿ ತೂಗುಹಾಕಿದ ಚಿತ್ರ ಆ ವಂಶದ್ದು. ನಕಲು ಎಂಬ ಮಾತನ್ನು ನಾವು ತಾತ್ಸಾರದಿಂದ ಆಡುತ್ತೇವೆ. ಈ ಚಿತ್ರದ ಮಟ್ಟಿಗೆ ನಕಲುಗಳು ಸಾಕ್ಷಿಗಳು. ಮೂಲ ಕಳೆದುಕೊಂಡದ್ದನ್ನು ಅವೇ ಕಾಪಾಡಿಕೊಂಡಿವೆ.

ಇನ್ನು ಎರಡನೆಯ ಪ್ರಶ್ನೆ. ಇದಕ್ಕೆ ಉತ್ತರ ಸುಣ್ಣದಲ್ಲಿದೆ.

ನಮ್ಮ ಹಳೆಯ ಮನೆಗಳಿಗೆ ಚಿಪ್ಪು ಸುಟ್ಟು ಮಾಡಿದ ಸುಣ್ಣ ಬಳಸುತ್ತಿದ್ದದ್ದು ನಿಮಗೆ ಗೊತ್ತಿರುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಅದಕ್ಕೆ ಮರಳು ಬೆರೆಸಿ ಗಾರೆ ಮೆತ್ತಿದರೆ, ಆರುತ್ತ ಆರುತ್ತ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲೇ ಆಗುತ್ತದೆ. ಸುಡುವ ಮೊದಲು ಚಿಪ್ಪು ಏನಾಗಿತ್ತೋ ಅದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಗಾರೆ ಹಸಿಯಿರುವಾಗಲೇ, ನೀರಿನಲ್ಲಿ ಕಲಸಿದ ಬಣ್ಣವನ್ನು ಅದರ ಮೇಲೆ ಹಚ್ಚಿದರೆ ಬಣ್ಣದ ಕಣಗಳು ಆ ಕಲ್ಲಿನೊಳಗೇ ಸೆರೆಯಾಗುತ್ತವೆ. ಅಂಟು ಬೇಕಿಲ್ಲ, ಎಣ್ಣೆ ಬೇಕಿಲ್ಲ. ಇದೇ ಫ್ರೆಸ್ಕೊ. ಉತ್ತರ ಕನ್ನಡ, ಗೋವೆಗಳ ಹಳೆಯ ದೇವಸ್ಥಾನಗಳ ಕಾವಿ ಕಲೆಯನ್ನು ನೋಡಿದ್ದೀರಾ? ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಅದು ಹಸಿಯಿರುವಾಗಲೇ ಮೊನೆಯಾದ ಕಂಟದಿಂದ ಕೆರೆದು ಬಿಳಿಯನ್ನು ಹೊರತರುವ ಕೆಲಸ. ಕೈಚಳಕ ಬೇರೆ, ಹಿಂದಿರುವ ರಸಾಯನಶಾಸ್ತ್ರ ಹತ್ತಿರದ್ದೇ. ಎಷ್ಟೋ ಮಳೆಗಾಲ ಕಳೆದರೂ ಆ ಕೆಂಪು ಬಿಡದಿರುವುದಕ್ಕೆ ಸುಣ್ಣದ ಈ ಗುಣವೇ ಕಾರಣ.

ಫ್ರೆಸ್ಕೊಗೆ ಒಂದೇ ಷರತ್ತು: ಆತುರ. ಗಾರೆ ಆರುವುದರೊಳಗೆ ಬರೆದು ಮುಗಿಸಬೇಕು. ಅದಕ್ಕಾಗಿ ಆ ದಿನ ಎಷ್ಟು ಬರೆಯಲು ಸಾಧ್ಯವೋ ಅಷ್ಟೇ ಜಾಗಕ್ಕೆ ಬೆಳಿಗ್ಗೆ ಗಾರೆ ಮೆತ್ತಿಕೊಳ್ಳುತ್ತಿದ್ದರು. ತಪ್ಪಾದರೆ ಗಾರೆಯನ್ನೇ ಕೆತ್ತಿ ತೆಗೆದು ಮತ್ತೆ ಶುರು. ಲಿಯೊನಾರ್ಡೊಗೆ ಒಗ್ಗದ್ದು ಇದೇ. ಅವನು ಕೆಲಸ ಮಾಡುತ್ತಿದ್ದ ರೀತಿಯನ್ನು ಮಾತ್ತೆಯೊ ಬಾಂದೆಲ್ಲೊ ಎಂಬವನು ಹುಡುಗನಾಗಿದ್ದಾಗ ಕಣ್ಣಾರೆ ಕಂಡು ಮುಂದೆ ಬರೆದಿಟ್ಟಿದ್ದಾನೆ. ಕೆಲವು ದಿನ ಸೂರ್ಯ ಹುಟ್ಟುವಾಗ ಅಟ್ಟಳಿಗೆ ಹತ್ತಿದರೆ ಕತ್ತಲಾಗುವವರೆಗೆ ಕುಂಚ ಕೆಳಗಿಡುತ್ತಿರಲಿಲ್ಲ, ಊಟ ನೀರು ಕೂಡ ಮರೆಯುತ್ತಿದ್ದ. ಆಮೇಲೆ ಮೂರು ನಾಲ್ಕು ದಿನ ಕುಂಚ ಮುಟ್ಟದೆ, ಕೈಕಟ್ಟಿ ನಿಂತು ತಾನು ಬರೆದದ್ದನ್ನೇ ಗಂಟೆಗಟ್ಟಲೆ ನೋಡುತ್ತಿದ್ದ. ಇನ್ನು ಕೆಲವು ದಿನ ನಡುಮಧ್ಯಾಹ್ನದ ಬಿಸಿಲಿನಲ್ಲಿ ಊರಿನ ಆ ತುದಿಯಿಂದ ಬಂದು, ಯಾವುದಾದರೊಂದು ಮುಖಕ್ಕೆ ಒಂದೋ ಎರಡೋ ಗೆರೆ ಎಳೆದು ಹೊರಟುಬಿಡುತ್ತಿದ್ದ. ಹೀಗೆ ಕೆಲಸ ಮಾಡುವವನಿಗೆ ಹಸಿ ಗಾರೆ ಕಾಯುವುದುಂಟೇ?

ಅದಕ್ಕೇ ಅವನು ಒಣಗಿದ ಗೋಡೆಯ ಮೇಲೆ ಬರೆದ. ಮೊದಲು ಸುಣ್ಣದ ಪುಡಿಗೆ ಅಂಟು ಸೇರಿಸಿದ ಒಂದು ಪದರ, ಅದರ ಮೇಲೆ ಸೀಸದ ಬಿಳಿಯ ತೆಳು ಪದರ, ಅದರ ಮೇಲೆ ಎಣ್ಣೆಬಣ್ಣ ಮತ್ತು ಮೊಟ್ಟೆಯಲ್ಲಿ ಕಲಸಿದ ಟೆಂಪೆರಾ ಬಣ್ಣ. ಮರದ ಹಲಗೆಯ ಮೇಲೆ ಮಾಡುವ ನಯವಾದ ಕೆಲಸವನ್ನು 8.8 ಮೀಟರ್ ಅಗಲ, 4.6 ಮೀಟರ್ ಎತ್ತರದ ಗೋಡೆಯ ಮೇಲೆ ಮಾಡಿದ. ಸುಮಾರು 1495ರಿಂದ 1498ರವರೆಗೆ ಅದೇ ಕೆಲಸ. ಬಣ್ಣದ ಮೇಲೆ ಬಣ್ಣ ಕೂರಿಸಿ ನೆರಳನ್ನು ಹೊಗೆಯಂತೆ ಕರಗಿಸುವ ಅವನ ಕೈಗುಣ ಹಾಗೆ ಮಾತ್ರ ಗೋಡೆಗೆ ಬರಲು ಸಾಧ್ಯವಿತ್ತು. ಆದರೆ ಆ ಬಣ್ಣ ಗೋಡೆಯೊಳಗೆ ಇಳಿಯಲಿಲ್ಲ, ಮೇಲೆ ಸಿಪ್ಪೆಯಂತೆ ಕೂತಿತು. ಅದು ಉತ್ತರದ ಗೋಡೆ, ತೇವದ ಗೋಡೆ. ಒಳಗಿನ ತೇವ ಹೊರಗೆ ಬರಲು ದಾರಿ ಹುಡುಕುವಾಗ ಅಡ್ಡ ಬರುವ ಪದರವನ್ನು ಎತ್ತಿಬಿಡುತ್ತದೆ. ಮಳೆಗಾಲ ಮುಗಿದ ಮೇಲೆ ಪಡುದಿಕ್ಕಿನ ಗೋಡೆಯ ಪೇಂಟು ಹಪ್ಪಳದ ಹಾಗೆ ಉಬ್ಬಿ ಚಕ್ಕೆಯಾಗಿ ಉದುರುವುದನ್ನು ನಾವು ಮಂಗಳೂರಿನವರು ವರ್ಷವರ್ಷವೂ ನೋಡುತ್ತೇವೆ. ಅಲ್ಲಿ ಆದದ್ದೂ ಅದೇ. 1517ರಲ್ಲಿ ನೋಡಿದವರೊಬ್ಬರು ಚಿತ್ರ ಕೆಡಲು ಶುರುವಾಗಿದೆ ಎಂದು ಬರೆದಿದ್ದಾರೆ. ಲಿಯೊನಾರ್ಡೊ ಆಗ ಇನ್ನೂ ಬದುಕಿದ್ದ.

ಇದು ಬರಿಯ ಊಹೆಯಲ್ಲ ಎನ್ನುವುದಕ್ಕೆ ಅದೇ ಕೋಣೆಯಲ್ಲಿ ಸಾಕ್ಷಿಯಿದೆ, ನನಗೆ ಇಡೀ ಕತೆಯಲ್ಲಿ ತುಂಬ ಮನಸ್ಸಿಗೆ ನಾಟಿದ ವಿಷಯವೂ ಇದೇ. ಎದುರು ಗೋಡೆಯ ಮೇಲೆ ದೊನಾತೊ ಮೊಂತೊರ್ಫಾನೊ ಎಂಬ ಕಲಾವಿದ 1495ರಲ್ಲಿ ಬರೆದ ಶಿಲುಬೆಯ ದೃಶ್ಯವಿದೆ. ಅಪ್ಪಟ ಫ್ರೆಸ್ಕೊ. ಅವನ ಹೆಸರು ಹೆಚ್ಚು ಜನರಿಗೆ ಗೊತ್ತಿಲ್ಲ, ಆದರೆ ಅವನ ಬಣ್ಣ ಇವತ್ತಿಗೂ ಗಟ್ಟಿಯಾಗಿದೆ. ಅದೇ ಚಿತ್ರದ ಕೆಳ ಮೂಲೆಗಳಲ್ಲಿ, ಕೊನೆಯ ಭೋಜನವನ್ನು ಬರೆಸಿದ ಮಿಲಾನಿನ ದೊರೆ ಲುದೊವಿಕೊ ಸ್ಫೋರ್ತ್ಸಾ ಮತ್ತು ಅವನ ಕುಟುಂಬ ಮಂಡಿಯೂರಿದ ಭಾವಚಿತ್ರಗಳನ್ನು ಆಮೇಲೆ ಸೇರಿಸಿದ್ದಾರೆ. ಅವು ಲಿಯೊನಾರ್ಡೊನವು ಎಂದು ಹೇಳುತ್ತಾರೆ, ಒಣ ಗಾರೆಯ ಮೇಲೆ ಅವನದೇ ಕ್ರಮದಲ್ಲಿ ಬರೆದವು. ಈಗ ಅಲ್ಲಿ ಬರಿ ನೆರಳು ಉಳಿದಿದೆ. ಕೋಣೆ ಒಂದೇ, ತೇವ ಒಂದೇ, ಯುದ್ಧ ಬೆಂಕಿ ಎಲ್ಲ ಒಂದೇ. ಒಂದೇ ಗೋಡೆಯ ಮೇಲೆ ಹಸಿ ಗಾರೆಯ ಬಣ್ಣ ನಿಂತಿದೆ, ಒಣ ಗಾರೆಯದು ಹೋಗಿದೆ.

ಬಾವುಟಗುಡ್ಡೆಯ ಅಲೋಶಿಯಸ್ ಚಾಪೆಲಿಗೆ ಬರೋಣ. ಅಲ್ಲಿ ಬರೆದವರು ಬ್ರದರ್ ಅಂತೋನಿಯೊ ಮೋಸ್ಕೆನಿ. 1854ರಲ್ಲಿ ಬೆರ್ಗಾಮೊ ಬಳಿಯ ಸ್ತೆತ್ಸಾನೊದಲ್ಲಿ ಹುಟ್ಟಿದವರು. ಅಲ್ಲಿಂದ ಮಿಲಾನಿಗೆ ಸುಮಾರು 50 ಕಿಲೊಮೀಟರ್. ಬೆರ್ಗಾಮೊದ ಕಲಾಶಾಲೆಯಲ್ಲಿ ಕಲಿತು, ಆಮೇಲೆ ಯೇಸುಸಭೆ ಸೇರಿ ಮಂಗಳೂರಿಗೆ ಬಂದು 1899ರಿಂದ 1901ರವರೆಗೆ ಚಾಪೆಲಿನ ಗೋಡೆ, ಕಮಾನು, ಸೂರು ಎಲ್ಲವನ್ನೂ ತುಂಬಿಸಿದರು. ಫ್ರೆಸ್ಕೊವನ್ನೂ ಬಳಸಿದರು, ಕ್ಯಾನ್ವಾಸಿನ ಮೇಲೆ ತೈಲವರ್ಣವನ್ನೂ ಬಳಸಿದರು. ಯಾವ ಜಾಗಕ್ಕೆ ಯಾವುದು ಹೊಂದುತ್ತದೆ ಎಂಬ ವಿವೇಚನೆ ಅವರಿಗಿತ್ತು. 400 ವರ್ಷಗಳ ಹಿಂದೆ ತಮ್ಮ ಸೀಮೆಯಲ್ಲೇ ಆದ ನಷ್ಟದಿಂದ ಇಟಲಿಯ ಭಿತ್ತಿಚಿತ್ರಕಾರರೆಲ್ಲ ಕಲಿತ ಪಾಠ ಅದು. ಆದರೆ ಚಾಪೆಲಿಗೆ ಏನೂ ಆಗಿಲ್ಲ ಎಂದುಕೊಳ್ಳಬೇಡಿ. ತೇವದಿಂದ ಅಲ್ಲಿಯೂ ಹಾನಿಯಾಗಿ, 1990ರ ದಶಕದ ಮೊದಲಲ್ಲಿ ಪಾರಂಪರಿಕ ಕಟ್ಟಡ, ಕಲೆಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಕರು ಬಂದು ದುರಸ್ತಿ ಮಾಡಿದರು. ಇವತ್ತು ನೀವು ನೋಡುವ ಹೊಳಪಿನಲ್ಲಿ ಮೋಸ್ಕೆನಿಯವರ ಪಾಲೂ ಇದೆ, ಅಟ್ಟಳಿಗೆಯ ಮೇಲೆ ಮಲಗಿ ಕೆಲಸ ಮಾಡಿದ ಆ ಸಂರಕ್ಷಕರ ಪಾಲೂ ಇದೆ.

ಆ ಕೆಲಸ ಹೇಗಿರುತ್ತದೆಂದು ಒಂದು ಮಾತು. ನಾನು ಮೊದಲ ಸಲ ಹಳೆಯ ಗೋಡೆಯೊಂದರ ಮುಂದೆ ಅಟ್ಟಳಿಗೆ ಹತ್ತಿದಾಗ ನನ್ನ ಗುರುಗಳು ಕೊಟ್ಟ ಮೊದಲ ಪಾಠ, ಬೆರಳ ಗೆಣ್ಣಿನಿಂದ ಗಾರೆಯನ್ನು ಮೆಲ್ಲಗೆ ತಟ್ಟುವುದು. ಹಲಸಿನ ಹಣ್ಣನ್ನು ತಟ್ಟಿ ನೋಡುವುದಿಲ್ಲವೇ, ಹಾಗೆಯೇ. ಗೋಡೆಗೆ ಅಂಟಿಕೊಂಡ ಗಾರೆ ಗಟ್ಟಿ ಸದ್ದು ಕೊಡುತ್ತದೆ, ಬಿಟ್ಟುಕೊಂಡ ಗಾರೆ ಟೊಳ್ಳು ಸದ್ದು. ಅಂಗೈ ಅಗಲದ ಜಾಗವನ್ನು ತಟ್ಟಿ, ಆಲಿಸಿ, ನಕ್ಷೆಯಲ್ಲಿ ಗುರುತು ಹಾಕುತ್ತ ಹೋದರೆ ಒಂದು ಕಮಾನು ಮುಗಿಯುವಾಗ ದಿನ ಕಳೆದಿರುತ್ತದೆ. ಎಕ್ಸ್‌ರೇ, ಅತಿಕೆಂಪು ಕಿರಣ, ಸೂಕ್ಷ್ಮದರ್ಶಕ ಎಲ್ಲ ಬಂದಿರುವ ಈ ಕಾಲದಲ್ಲೂ ಕಿವಿಯ ಕೆಲಸ ತಪ್ಪಿಲ್ಲ.

ಮಿಲಾನಿನಲ್ಲಿ ಕೆಡಿಸಿದ್ದು ತೇವ ಮಾತ್ರವಲ್ಲ, ಪ್ರೀತಿಯಿಂದ ಸರಿಮಾಡಲು ಹೊರಟವರೂ ಕೆಡಿಸಿದರು. 1726ರಲ್ಲಿ ಬೆಲ್ಲೊತ್ತಿ ಎಂಬವನು ಬಣ್ಣ ಹೋದ ಕಡೆಯೆಲ್ಲ ತನ್ನ ಬಣ್ಣ ಬಳಿದ. 1770ರಲ್ಲಿ ಮಾತ್ಸಾ ಎಂಬವನು ಅದನ್ನು ಕೆರೆದು ಮತ್ತೆ ಬರೆಯತೊಡಗಿದ. ಜನ ಸಿಟ್ಟಾಗಿ ನಿಲ್ಲಿಸುವಾಗ ಅವನ ಕೈ ತಾಗದೆ ಉಳಿದದ್ದು ಮೂರೇ ಮುಖ. 1821ರಲ್ಲಿ ಬರೆತ್ಸಿ ಎಂಬವನು ಇದನ್ನು ಫ್ರೆಸ್ಕೊ ಎಂದೇ ತಿಳಿದು ಗೋಡೆಯಿಂದ ಇಡಿಯಾಗಿ ಬಿಡಿಸಲು ನೋಡಿದ, ಮೇಜುಬಟ್ಟೆಯ ಭಾಗ ಕಿತ್ತುಬಂದ ಮೇಲೆ ಅಂಟಿಸುತ್ತ ಕೂತ. ಬಣ್ಣದ ಜಾತಿ ತಿಳಿಯದೆ ಕೈ ಹಾಕಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ವೃತ್ತಿಯಲ್ಲಿ ಹೇಳಿಕೊಡುವ ಮೊದಲ ಉದಾಹರಣೆ ಅವನದು. ನಡುವೆ ನೆಪೋಲಿಯನ್ನನ ಸೈನಿಕರು ಆ ಕೋಣೆಯನ್ನು ಲಾಯ ಮಾಡಿಕೊಂಡರು. 1943ರ ಆಗಸ್ಟಿನಲ್ಲಿ ಬಾಂಬು ಬಿದ್ದು ಸೂರೂ ಪಕ್ಕದ ಗೋಡೆಯೂ ಕುಸಿದವು. ಮರಳಿನ ಮೂಟೆ ಪೇರಿಸಿ ಕಾಪಾಡಿದ್ದ ಚಿತ್ರದ ಗೋಡೆ ಮಾತ್ರ ಬಯಲಿನಲ್ಲಿ ಒಂಟಿಯಾಗಿ ನಿಂತಿತು.

1978ರಲ್ಲಿ ಪಿನಿನ್ ಬ್ರಾಂಬಿಲ್ಲಾ ಬಾರ್ಚಿಲೊನ್ ಎಂಬ ಸಂರಕ್ಷಕಿ ಕೆಲಸ ಕೈಗೆತ್ತಿಕೊಂಡರು. ಮುಗಿದದ್ದು 1999ರಲ್ಲಿ. ಲಿಯೊನಾರ್ಡೊ ಮೂರು ನಾಲ್ಕು ವರ್ಷದಲ್ಲಿ ಬರೆದದ್ದರ ಮೇಲೆ ಅವರು 21 ವರ್ಷ ಕೂತರು. ಸೂಕ್ಷ್ಮದರ್ಶಕದಡಿ ನೋಡುತ್ತ, ದ್ರಾವಕದಲ್ಲಿ ಅದ್ದಿದ ಕಾಗದದ ಚೂರನ್ನು ಒತ್ತಿ, ಮೆತ್ತಗಾದ ಹಳೆಯ ಮೇಲ್ಬಣ್ಣವನ್ನು ಸಣ್ಣ ಅಲಗಿನಿಂದ ಎತ್ತುವುದು. ಅಂಚೆಚೀಟಿಯಷ್ಟು ಜಾಗ ಶುಚಿಯಾಗಲು ದಿನಗಟ್ಟಲೆ. ಲಿಯೊನಾರ್ಡೊನ ಬಣ್ಣ ಇಲ್ಲದ ಕಡೆ ಹೊಸದಾಗಿ ಚಿತ್ರ ಬರೆಯಲಿಲ್ಲ. ತೊಳೆದರೆ ಹೋಗುವಂಥ ತೆಳು ಜಲವರ್ಣ ಕೊಟ್ಟು ಸುಮ್ಮನಾದರು. ಮಗಳ ಫೋಟೊದಲ್ಲಿ ಚಿತ್ರ ಪೇಲವವಾಗಿ ಕಾಣುವುದಕ್ಕೆ ಇದೂ ಕಾರಣ. ಇದು ಅತಿಯಾಯಿತು, ಮೈಯನ್ನೇ ತೆಗೆದುಬಿಟ್ಟರು ಎಂದು ಟೀಕಿಸಿದ ವಿದ್ವಾಂಸರು ಇದ್ದಾರೆ. ನಾನು ಬ್ರಾಂಬಿಲ್ಲಾ ಅವರ ಪರ. ಇನ್ನೊಬ್ಬನ ಬಣ್ಣದ ಪೂರ್ಣ ಮುಖಕ್ಕಿಂತ ಲಿಯೊನಾರ್ಡೊನ ಕೈಯ ಅರ್ಧ ಮುಖ ನನಗೆ ಹೆಚ್ಚು.

ಅಷ್ಟು ಕೆರೆದ ಮೇಲೆ ಸಿಕ್ಕಿದ್ದೂ ಕಮ್ಮಿಯಲ್ಲ. ಲೋಹದ ತಟ್ಟೆಗಳ ಮೇಲೆ ಪ್ರೇಷಿತರ ಬಟ್ಟೆಯ ಬಣ್ಣ ಪ್ರತಿಫಲಿಸುವುದು ಕಂಡಿತು. ಗೋಡೆಗೆ ಇಳಿಬಿಟ್ಟ ಜಮಖಾನೆಗಳ ಹೂಬಳ್ಳಿ ಕಂಡಿತು. ಮೇಜಿನ ಮೇಲೆ ಮೀನಿನ ತುಂಡುಗಳ ಜೊತೆ ಕಿತ್ತಳೆಯ ಹೋಳುಗಳು ಕಂಡವು. ಆ ಮೀನು ಸುಟ್ಟ ಹಾವುಮೀನು ಎಂದು ಗುರುತಿಸಿದವರಿದ್ದಾರೆ. ಯೆರೂಸಲೇಮಿನಲ್ಲಿ ಯೆಹೂದ್ಯರು ಪಾಸ್ಕ ಹಬ್ಬಕ್ಕೆ ಮಾಡುವ ಊಟಕ್ಕಿಂತ ಅದು ಆ ಕಾಲದ ಇಟಲಿಯ ಊಟಕ್ಕೆ ಹತ್ತಿರ. ಮಠದ ಸನ್ಯಾಸಿಗಳು ತಮ್ಮ ಮೇಜಿನಲ್ಲಿ ಕೂತು ಕಣ್ಣೆತ್ತಿದರೆ ಎದುರಿಗೆ ಇನ್ನೊಂದು ಮೇಜು, ಕೋಣೆಯ ನಿಜವಾದ ಕಿಟಕಿಗಳಿರುವ ಎಡಬದಿಯಿಂದಲೇ ಚಿತ್ರದೊಳಗೂ ಬೆಳಕು. ಯೇಸುವಿನ ಬಲಗಣ್ಣಿನ ಪಕ್ಕ, ಕಣತಲೆಯ ಮೇಲೆ ಒಂದು ಮೊಳೆಯ ತೂತೂ ಸಿಕ್ಕಿತು. ಅಲ್ಲಿ ಮೊಳೆ ಹೊಡೆದು, ದಾರ ಕಟ್ಟಿ ಎಳೆದು, ಗೋಡೆ ಸೂರು ಮೇಜುಗಳ ಗೆರೆಗಳನ್ನೆಲ್ಲ ಹಾಕಿಕೊಂಡಿದ್ದಾನೆ. ನಿಮ್ಮ ಮನೆಯ ಚಿತ್ರದಲ್ಲಿ ಸೂರಿನ ತೊಲೆಗಳ ಮೇಲೆ ಸ್ಕೇಲು ಇಟ್ಟು ಗೆರೆ ಮುಂದುವರಿಸಿ ನೋಡಿ, ಎಲ್ಲವೂ ಅಲ್ಲಿಗೇ ಬಂದು ಸೇರಬೇಕು. ಸೇರದಿದ್ದರೆ ನಕಲು ಮಾಡಿದವನು ಅಲ್ಲಿ ಕೈಬಿಟ್ಟಿದ್ದಾನೆ ಎಂದರ್ಥ. ಗಾಜಿನ ಮೇಲೆ ಇಡಿ, ಕಾಗದದ ಮೇಲೆ ಬೇಡ.

ವಿಜ್ಞಾನದ ಕೆಲಸ ಈಗಲೂ ನಡೆಯುತ್ತಿದೆ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೋನಾ ಲೀಸಾದ ತಳಪದರದಿಂದ ತೆಗೆದ ಕೂದಲೆಳೆಗಿಂತ ದಪ್ಪವಿಲ್ಲದ ಒಂದು ಕಣವನ್ನು ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಪ್ರಬಲ ಎಕ್ಸ್‌ರೇ ಅಡಿ ಪರೀಕ್ಷಿಸಿದರು, ಕೊನೆಯ ಭೋಜನದ ಚೂರುಗಳನ್ನೂ ನೋಡಿದರು. ಬಣ್ಣ ದಪ್ಪಗಾಗಿ ಬೇಗ ಆರಲೆಂದು ಲಿಯೊನಾರ್ಡೊ ಎಣ್ಣೆಗೆ ಸೀಸದ ಆಕ್ಸೈಡ್ ಸೇರಿಸುತ್ತಿದ್ದ ಎನ್ನುವುದಕ್ಕೆ ಎರಡರಲ್ಲೂ ಕುರುಹು ಸಿಕ್ಕಿತು. ಗೋಡೆಯ ಮೇಲಿನ ಪ್ರಯೋಗ ಕೈಕೊಟ್ಟರೂ ಅವನು ಪ್ರಯೋಗ ಬಿಟ್ಟವನಲ್ಲ.

ಇನ್ನು ಮಗಳ ವಾದ. ಇಪ್ಪತ್ತು ವರ್ಷಗಳ ಹಿಂದೆ ತುಂಬ ಓದಿಸಿಕೊಂಡ ಒಂದು ಇಂಗ್ಲಿಷ್ ಕಾದಂಬರಿಯಿಂದ ಈ ಮಾತು ಹರಡಿತು. ಅವಳನ್ನು ಗದರಬೇಡಿ, ಅವಳು ಚಿತ್ರವನ್ನು ಗಮನವಿಟ್ಟು ನೋಡಿದ್ದಾಳೆ. ಆ ಮುಖ ನಯವಾಗಿಯೇ ಇದೆ. ಆದರೆ ಅದು ಯೊವಾನ್ನ. ಹನ್ನೆರಡು ಮಂದಿಯಲ್ಲಿ ಎಲ್ಲರಿಗಿಂತ ಚಿಕ್ಕವನೆಂದು ಅವನನ್ನು ಗಡ್ಡವಿಲ್ಲದ, ಉದ್ದ ಕೂದಲಿನ ಹುಡುಗನಂತೆ ಬರೆಯುವುದು ಇಟಲಿಯಲ್ಲಿ ರೂಢಿ. ಫ್ಲಾರೆನ್ಸಿನಲ್ಲಿ ಕಸ್ತಾನ್ಯೊ 1447ರಲ್ಲಿ ಬರೆದ ಭೋಜನದಲ್ಲೂ, ಗಿರ್ಲಾಂದಾಯೊ 1480ರಲ್ಲಿ ಬರೆದದ್ದರಲ್ಲೂ ಅವನು ಹಾಗೆಯೇ ಇದ್ದಾನೆ. ಆಗಲೇ ಹೇಳಿದ ಹಳ್ಳಿ ಇಗರ್ಜಿಯ ನಕಲಿನಲ್ಲಿ ಆ ಮುಖದ ಕೆಳಗೆ ಬರೆದಿರುವ ಹೆಸರೂ ಅವನದೇ. ತಲೆ ಎಣಿಸಿ ನೋಡಿ: ಯೇಸುವನ್ನು ಸೇರಿಸಿ ಹದಿಮೂರು. ಅದು ಹೆಂಗಸಾದರೆ ಯೊವಾನ್ನ ಎಲ್ಲಿ? ಅಲ್ಲಿಯೇ ಯೂದನ ಬೆನ್ನ ಹಿಂದೆ ಚಾಕು ಹಿಡಿದ ಕೈಯೊಂದಿದೆ, ಯಾರ ಮೈಗೂ ಸೇರದ ಕೈ ಎಂದು ಕತೆ ಕಟ್ಟಿದರು. ಅದು ಇನ್ನೊಬ್ಬ ಪ್ರೇಷಿತ ಪೇತ್ರನ ಬಲಗೈ. ಯೊವಾನ್ನನ ಕಿವಿಯಲ್ಲಿ ಕೇಳಲು ಮುಂದಕ್ಕೆ ಬಾಗುವಾಗ ಅವನು ಬಲಗೈಯನ್ನು ಹಿಂದಕ್ಕೆ ಮಡಚಿ ಸೊಂಟಕ್ಕೆ ಒತ್ತಿದ್ದಾನೆ. ಆ ತೋಳಿಗಾಗಿ ಲಿಯೊನಾರ್ಡೊ ಮಾಡಿಕೊಂಡ ಕರಡು ಚಿತ್ರ ಇಂಗ್ಲೆಂಡಿನ ವಿಂಡ್ಸರ್ ಅರಮನೆಯ ಸಂಗ್ರಹದಲ್ಲಿದೆ. ಮುಂದೆ ತೋಟದಲ್ಲಿ, ಯೇಸುವನ್ನು ಹಿಡಿಯಲು ಬಂದಾಗ, ಸೇವಕನ ಕಿವಿ ಕತ್ತರಿಸುವವನು ಇವನೇ ಎಂಬ ಸೂಚನೆ ಆ ಚಾಕು.

ನಿಜವಾಗಿ ಹೊಸತಾದದ್ದು ಬೇರೆ. ಅದುವರೆಗೆ ಬರೆದವರು ಹೆಚ್ಚಾಗಿ ಯೂದನನ್ನು ಮೇಜಿನ ಈಚೆಗೆ ಒಬ್ಬನನ್ನೇ ಕೂರಿಸುತ್ತಿದ್ದರು, ಕಂಡಕೂಡಲೇ ದ್ರೋಹಿ ಯಾರೆಂದು ತಿಳಿಯುತ್ತಿತ್ತು. ಲಿಯೊನಾರ್ಡೊ ಅವನನ್ನು ಆಚೆಗೆ, ಪೇತ್ರ ಯೊವಾನ್ನರ ನಡುವೆಯೇ ಸೇರಿಸಿದ. ಹದಿಮೂರು ಮಂದಿಯೂ ಒಂದೇ ಬದಿಗೆ ಕೂತು ಊಟ ಮಾಡುತ್ತಾರೆಯೇ ಎಂದು ಮಕ್ಕಳು ಕೇಳುವುದುಂಟು. ಯಕ್ಷಗಾನದ ಒಡ್ಡೋಲಗ ನೆನೆಸಿಕೊಳ್ಳಿ: ರಾಜನೂ ಪರಿವಾರವೂ ಪ್ರೇಕ್ಷಕರಿಗೆ ಮುಖ ಮಾಡಿ ನಿಲ್ಲುತ್ತಾರೆ, ಅದು ಸಭೆಯೆಂದು ಎಲ್ಲರೂ ಒಪ್ಪುತ್ತೇವೆ. ಇಲ್ಲಿಯೂ ಪ್ರತಿ ಮುಖದ ಭಾವ ನಮಗೆ ಕಾಣಬೇಕಿತ್ತು. ನಿಮ್ಮಲ್ಲಿ ಒಬ್ಬ ನನ್ನನ್ನು ಹಿಡಿದುಕೊಡುತ್ತಾನೆ ಎಂದು ಯೇಸು ಹೇಳಿದ ಮರುಕ್ಷಣ ಅದು. ಮೂರು ಮೂರು ಮಂದಿಯ ನಾಲ್ಕು ಗುಂಪುಗಳಲ್ಲಿ ಆ ಮಾತು ಅಲೆಯಂತೆ ಎರಡೂ ತುದಿಗೆ ಹೋಗುತ್ತದೆ. ಕೈಗಳನ್ನು ಮಾತ್ರ ನೋಡುತ್ತ ಹೋಗಿ. ತೋಮನ ಮೇಲೆತ್ತಿದ ಬೆರಳು, ಎದೆಗೆ ಒತ್ತಿಕೊಂಡ ಫಿಲಿಪ್ಪನ ಕೈಗಳು, ನಾನಲ್ಲ ಎಂಬಂತೆ ಎರಡೂ ಅಂಗೈ ಎತ್ತಿದ ಅಂದ್ರೆಯ, ಹಣದ ಚೀಲ ಬಿಗಿಹಿಡಿದ ಯೂದ. ಆಮೇಲೆ ಯೇಸುವಿನ ಎರಡು ಕೈ. ಎಡಗೈ ಅಂಗಾತ ತೆರೆದು ರೊಟ್ಟಿಯ ಕಡೆಗಿದೆ, ಬಲಗೈ ದ್ರಾಕ್ಷಾರಸದ ಕಡೆಗೂ, ಯೂದನ ಕೈ ಚಾಚಿರುವ ಅದೇ ಬಟ್ಟಲಿನ ಕಡೆಗೂ. ದ್ರೋಹದ ಮಾತು, ರೊಟ್ಟಿ ದ್ರಾಕ್ಷಾರಸ ಹಂಚುವ ಪ್ರಸಾದದ ಮಾತು ಎರಡೂ ಒಂದೇ ಹೊತ್ತಿನಲ್ಲಿ ಇವೆ. ಇದು ಬರಿಯ ದ್ರೋಹದ ದೃಶ್ಯ ಎಂದು ಹೇಳುವ ಪುಸ್ತಕಗಳಿಗಿಂತ, ಈ ಭೋಜನವನ್ನು ನೆನೆಯುವ ಪವಿತ್ರ ಗುರುವಾರದ ಬಲಿಪೂಜೆಗೆ ಹೋಗುವ ನಿಮ್ಮಂಥವರ ಕಣ್ಣು ಇಲ್ಲಿ ಹೆಚ್ಚು ಸರಿಯಾಗಿ ನೋಡುತ್ತದೆ ಎಂದು ನನ್ನ ಅಭಿಪ್ರಾಯ.

ಮುಂದೆ ಬಂದವರೆಲ್ಲ ಆ ಮೇಜನ್ನು ತಮ್ಮ ಊರಿಗೆ ಎಳೆದುಕೊಂಡರು. ಪ್ರಸಂಗ ಒಂದೇ, ಮೇಳ ಬೇರೆಬೇರೆ. ಪೆರುವಿನ ಕುಸ್ಕೊ ಕ್ಯಾಥೆಡ್ರಲಿನಲ್ಲಿ ಮಾರ್ಕೊಸ್ ಸಪಾತಾ ಬರೆದ ಭೋಜನದಲ್ಲಿ ತಟ್ಟೆಯ ಮೇಲಿರುವುದು ಅಲ್ಲಿಯವರು ತಿನ್ನುವ ಗಿನಿಪಿಗ್. ಚೀನಾದ ಝೆಂಗ್ ಫಾನ್‌ಝಿ 2001ರಲ್ಲಿ ಕೆಂಪು ಕೊರಳಪಟ್ಟಿಯ ಶಾಲಾಮಕ್ಕಳನ್ನು ಕೂರಿಸಿ, ಯೂದನ ಜಾಗದವನಿಗೆ ಮಾತ್ರ ಹಳದಿ ಟೈ ಕಟ್ಟಿದ. ಅಮೆರಿಕದ ಆಂಡಿ ವಾರ್ಹಾಲ್ 1986ರಲ್ಲಿ ಇದರ ದೊಡ್ಡ ಸರಣಿಯನ್ನೇ ಮಾಡಿದ. 1987ರ ಜನವರಿಯಲ್ಲಿ ಮಿಲಾನಿನ ಅದೇ ಮಠದ ಎದುರಿನ ಕಟ್ಟಡದಲ್ಲಿ ಅದರ ಪ್ರದರ್ಶನ ನಡೆಯಿತು, ಮುಂದಿನ ತಿಂಗಳು ಅವನು ತೀರಿಕೊಂಡ. ಅವನು ಎದುರಿಗಿಟ್ಟುಕೊಂಡದ್ದು ಗೋಡೆಯ ಮೂಲವನ್ನಲ್ಲ, ನಿಮ್ಮ ಮನೆಯಲ್ಲಿರುವಂಥ ಅಗ್ಗದ ಅಚ್ಚಿನ ಚಿತ್ರಗಳನ್ನು. ಜನ ನಿಜವಾಗಿ ಜೊತೆಗಿಟ್ಟುಕೊಂಡು ಬಾಳಿದ ಚಿತ್ರ ಅದು ಎಂದು ಅವನಿಗೆ ಗೊತ್ತಿತ್ತು.

ನಮ್ಮ ದೇಶದಲ್ಲಿ ಎರಡನ್ನು ನೋಡಲೇಬೇಕು. ಕೊಲ್ಕತ್ತದ ಸೇಂಟ್ ಜಾನ್ಸ್ ಚರ್ಚಿನಲ್ಲಿ ಯೊಹಾನ್ ಜೊಫಾನಿ 1787ರಲ್ಲಿ ಬರೆದದ್ದು ಒಂದು. ಆ ಊರಿನಲ್ಲೇ ಓಡಾಡುತ್ತಿದ್ದವರ ಮುಖಗಳನ್ನು ಪ್ರೇಷಿತರಿಗೆ ಕೊಟ್ಟಿದ್ದಾನೆ. ಯೂದನ ಮುಖ ಟುಲ್ಲೊ ಎಂಬ ಹರಾಜುದಾರನದು ಎಂದು ಹೇಳುತ್ತಾರೆ. ಮೇಜಿನ ಹತ್ತಿರ ನೆಲದ ಮೇಲೆ ಗಮನಿಸಿ: ಭಿಸ್ತಿಗಳು ನೀರು ಹೊರುವ ಚರ್ಮದ ಚೀಲ, ಪೀಕದಾನಿಯ ಆಕಾರದ ಪಾತ್ರೆ. ಮೊಳೆಗೆ ತೂಗಿರುವ ಪೇತ್ರನ ಕತ್ತಿ ಜವಾನರ ಸೊಂಟದ ತಲವಾರು. ಇನ್ನೊಂದು ಕೊಚ್ಚಿಯ ಸಾಂತಾಕ್ರೂಸ್ ಬೆಸಿಲಿಕಾದಲ್ಲಿದೆ. ಮಂಗಳೂರಿನ ಕೆಲಸ ಮುಗಿಸಿದ ಮೇಲೆ ಮೋಸ್ಕೆನಿಯವರು ಅಲ್ಲಿಗೆ ಹೋದರು, ಜೊತೆಗೆ ಮಂಗಳೂರಿನವರೇ ಆದ ಶಿಷ್ಯ ಡಿ ಗಾಮಾ. ಅಲ್ಲಿರುವ ಏಳು ದೊಡ್ಡ ಕ್ಯಾನ್ವಾಸ್‌ಗಳಲ್ಲಿ ಒಂದು ಕೊನೆಯ ಭೋಜನ, ಲಿಯೊನಾರ್ಡೊನದನ್ನೇ ಮಾದರಿಯಾಗಿಟ್ಟು ಮಾಡಿದ್ದು. ಬೆಸಿಲಿಕಾದ ಪ್ರತಿಷ್ಠೆ 1905ರ ನವೆಂಬರ್ 19ಕ್ಕೆ. ಮೋಸ್ಕೆನಿಯವರು ನವೆಂಬರ್ 15ರಂದು ತೀರಿಕೊಂಡರು, ನಾಲ್ಕು ದಿನ ಮೊದಲು. ಮಿಲಾನಿನ ಮೂಲದ ಮುಂದೆ ಈಗ ನಿಲ್ಲಲು ಕೊಡುವುದು 15 ನಿಮಿಷ. ಕೊಚ್ಚಿಯಲ್ಲಿ ಆ ಅವಸರವಿಲ್ಲ, ಮಂಗಳೂರಿನಿಂದ ರೈಲು ಹತ್ತಿದರೆ ಆಯಿತು. ಮಗಳನ್ನೂ ಕರೆದುಕೊಂಡು ಹೋಗಿ.

ಕೊನೆಗೆ ನಿಮ್ಮ ಚಿತ್ರದ ಬೂಸ್ಟು. ದಯವಿಟ್ಟು ಒದ್ದೆ ಬಟ್ಟೆ ಮುಟ್ಟಿಸಬೇಡಿ. ಲಿಂಬೆರಸ, ಬ್ಲೀಚು, ವಾರ್ನಿಶು ಯಾವುದೂ ಬೇಡ. ಮಳೆ ಬಿಟ್ಟ ಒಣ ದಿನ ನೋಡಿ ಫ್ರೇಮು ಇಳಿಸಿ, ಮೇಜಿನ ಮೇಲೆ ಬಟ್ಟೆ ಹಾಸಿ ಮಗುಚಿ ಇಟ್ಟು ಹಿಂದಿನ ಹಲಗೆ ತೆಗೆಯಿರಿ. ಕಾಗದ ಗಾಜಿಗೆ ಅಂಟಿಕೊಂಡಿದ್ದರೆ ಅಲ್ಲಿಗೇ ನಿಲ್ಲಿಸಿ, ಎಳೆಯಬೇಡಿ, ಸಂರಕ್ಷಕರಿಗೆ ತೋರಿಸಬೇಕು. ಅಂಟಿಲ್ಲದಿದ್ದರೆ ನೆರಳಿನಲ್ಲಿ, ಗಾಳಿಯಾಡುವ ಕಡೆ ಒಂದೆರಡು ದಿನ ಹರಡಿಡಿ. ಬೂಸ್ಟು ಪೂರ್ತಿ ಒಣಗಿ ಪುಡಿಯಾದ ಮೇಲೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ, ಮೆತ್ತನೆಯ ಕುಂಚದಿಂದ ಅಂಚಿನ ಕಡೆಗೆ ಸವರಿ. ಕಲೆ ಉಳಿಯುತ್ತದೆ, ಉಳಿಯಲಿ. ಮತ್ತೆ ಫ್ರೇಮು ಹಾಕುವಾಗ ಚಿತ್ರಕ್ಕೂ ಗಾಜಿಗೂ ನಡುವೆ ದಪ್ಪ ರಟ್ಟಿನ ಚೌಕಟ್ಟು ಇಡಿಸಿ. ಫ್ರೇಮಿನ ಹಿಂಬದಿಯ ನಾಲ್ಕು ಮೂಲೆಗೆ ಬಾಟಲಿಯ ಬಿರಡೆಯ ಚೂರು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ. ಪಡುಗೋಡೆಯಲ್ಲಿದ್ದರೆ ಅಲ್ಲಿಂದ ತೆಗೆದು ಒಳಗೋಡೆಗೆ ಬದಲಾಯಿಸಿ.

ಒಂದು ಕೋರಿಕೆ. ಫ್ರೇಮು ಬಿಚ್ಚಿದಾಗ ಕಾಗದದ ಅಂಚು ಕತ್ತರಿಸಲು ಯಾರಿಗೂ ಬಿಡಬೇಡಿ. ಎಷ್ಟೋ ಚಿತ್ರಗಳಲ್ಲಿ, ಫ್ರೇಮಿನ ಒಳಗೆ ಮುಚ್ಚಿಹೋದ ಕೆಳ ಅಂಚಿನಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇರುತ್ತದೆ: ಅಚ್ಚು ಹಾಕಿದವರ ಹೆಸರು, ಊರು, ಕೆಲವೊಮ್ಮೆ ಒಂದು ಸಂಖ್ಯೆ. ಭೂತಗನ್ನಡಿ ಇಟ್ಟು ಓದಿ, ಫೋಟೊ ತೆಗೆದು ನನಗೆ ಕಳಿಸಿ. ಜೊತೆಗೆ ಯೂದನ ತೋಳಿನ ಹತ್ತಿರ ಉಪ್ಪಿನ ಬಟ್ಟಲು ಉರುಳಿದೆಯೋ ಇಲ್ಲವೋ ಅದನ್ನೂ ನೋಡಿ ಬರೆಯಿರಿ. ಅಷ್ಟು ಸಿಕ್ಕರೆ ನಿಮ್ಮ ಅಜ್ಜಿಯ ಚಿತ್ರ ಯಾವ ನಕಲಿನ ಮೊಮ್ಮಗಳು ಎಂದು ಹುಡುಕಲು ಹೊರಡಬಹುದು.